ಇಂಗ್ಲೆಂಡಿನ ಹೊಲಗಳಲ್ಲಿ ಏರ್‌ಗನ್: ಹೊಸದಾಗಿ ಬಂದ ಕನ್ನಡಿಗರಿಗೆ

"ಇಲ್ಲಿ ಏರ್‌ಗನ್‌ಗೆ ಲೈಸೆನ್ಸ್ ಬೇಡವಂತೆ, ಹೌದಾ?" ಆಸ್ಪತ್ರೆ ಕೆಲಸಕ್ಕೋ ಕಾರ್ಖಾನೆ ಕೆಲಸಕ್ಕೋ ಇಂಗ್ಲೆಂಡಿನ ಹಳ್ಳಿ ಕಡೆ ಬಂದು ನೆಲೆಸಿದ ನಮ್ಮವರು ನನ್ನನ್ನು ಆಗಾಗ ಕೇಳುತ್ತಾರೆ. ಮಲೆನಾಡಿನವರು, ಕೊಡಗಿನವರು ಕೇಳುವುದು ಇನ್ನೂ ಜಾಸ್ತಿ. ಸಂಜೆ ಹೊತ್ತು ಬೇಲಿ ಬದಿಯಲ್ಲಿ ಮೇಯುವ ಮೊಲಗಳ ಹಿಂಡು ನೋಡಿದರೆ ಊರಿನ ನೆನಪಾಗುತ್ತದೆ, ಅಲ್ವಾ?

ಹೌದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೇಡ. ಆದರೆ ಅದಕ್ಕೊಂದು ಮಿತಿ ಇದೆ. ರೈಫಲ್ ಆದರೆ ಅದರ ಶಕ್ತಿ 12 ಅಡಿ-ಪೌಂಡ್ (ಗುಂಡು ನಳಿಗೆಯಿಂದ ಹೊರಡುವಾಗಿನ ಶಕ್ತಿ ಅಳೆಯುವ ಮಾನ) ಮೀರಬಾರದು, ಪಿಸ್ತೂಲ್ ಆದರೆ 6 ಅಡಿ-ಪೌಂಡ್. 12 ದಾಟಿದ ರೈಫಲ್ ಇಟ್ಟುಕೊಳ್ಳಲು ಪೊಲೀಸರು ಕೊಡುವ ಫೈರ್‌ಆರ್ಮ್ ಸರ್ಟಿಫಿಕೇಟ್ ಬೇಕು. ಇಲ್ಲದಿದ್ದರೆ ಜೈಲು ಶಿಕ್ಷೆಯವರೆಗೂ ಹೋಗುತ್ತದೆ. 6 ದಾಟಿದ ಪಿಸ್ತೂಲ್ ಅಂತೂ ನಿಷೇಧಿತ ಆಯುಧಗಳ ಸಾಲಿಗೆ ಸೇರುತ್ತದೆ. ಹಳೆ ಗನ್ ಯಾರಿಂದಲಾದರೂ ಕೊಂಡರೆ, ಅದರ ಸ್ಪ್ರಿಂಗ್ ಬದಲಿಸಿ ಶಕ್ತಿ ಏರಿಸಿರಬಹುದು. "ನನಗೆ ಗೊತ್ತಿರಲಿಲ್ಲ" ಎಂದರೆ ನಡೆಯುವುದಿಲ್ಲ. ಅಂಗಡಿಗೆ ಒಯ್ದು, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಅಳೆಸಿ, ಆಮೇಲೆ ಬಳಸಿ.

ಸ್ಕಾಟ್ಲೆಂಡಿನ ಕಾನೂನು ಬೇರೆ. 2015ರಲ್ಲಿ ಅಲ್ಲಿ ಹೊಸ ಕಾಯ್ದೆ ಬಂತು. 2016ರ ಡಿಸೆಂಬರ್ 31ರಿಂದ ಮಾಮೂಲಿ ಏರ್‌ಗನ್‌ಗೂ ಸರ್ಟಿಫಿಕೇಟ್ ಬೇಕು. ಲೆಸ್ಟರ್‌ನಿಂದ ಗ್ಲಾಸ್ಗೋಗೆ ಕೆಲಸ ಬದಲಿಸುವವರು ಮನೆ ಸಾಮಾನಿನ ಜೊತೆ ಗನ್ನನ್ನೂ ಲಾರಿಗೆ ಹಾಕಿಬಿಡಬೇಡಿ. ಮೊದಲು ಸರ್ಟಿಫಿಕೇಟ್, ಆಮೇಲೆ ಗನ್. ಉತ್ತರ ಐರ್ಲೆಂಡಿನಲ್ಲಿ ಇನ್ನೂ ಬಿಗಿ. ಒಂದು ಜೂಲ್ (ಅಡಿ-ಪೌಂಡಿನ ಮುಕ್ಕಾಲು ಭಾಗದಷ್ಟು) ದಾಟಿದರೆ ಸಾಕು, ಸರ್ಟಿಫಿಕೇಟ್ ಬೇಕು.

ಕೊಡಗಿನ ಗೆಳೆಯರಿಗೆ ಒಂದು ಮಾತು. ಕೋವಿ ನಿಮಗೆ ಮನೆ ಮಗನ ಹಾಗೆ. ಕೈಲ್ ಮುಹೂರ್ತದಂದು ಅದಕ್ಕೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು ನೀವು. ಗನ್ ಹಿಡಿಯುವ ಶಿಸ್ತು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಊರಲ್ಲಿ ನಿಮಗಿರುವ ಲೈಸೆನ್ಸ್ ವಿನಾಯಿತಿಗೆ ಇಲ್ಲಿ ಬೆಲೆ ಇಲ್ಲ. ಇಲ್ಲಿನ ಪದ್ಧತಿಯನ್ನು ಮೊದಲಿಂದ ಕಲಿಯಬೇಕು.

ಕೊಳ್ಳಲು 18 ವರ್ಷ ಆಗಿರಬೇಕು. ಅಂಗಡಿಯಿಂದ ಕೊಳ್ಳುವುದಾದರೆ ನೋಂದಾಯಿತ ಡೀಲರ್ ಹತ್ತಿರ ನೀವೇ ಖುದ್ದಾಗಿ ಹೋಗಬೇಕು. 2006ರ ಕಾಯ್ದೆ ಬಂದಮೇಲೆ ವ್ಯಾಪಾರಿಗಳು ಇದನ್ನು ಸುಮ್ನೆ ಪೋಸ್ಟಿನಲ್ಲಿ ಕಳಿಸುವ ಹಾಗಿಲ್ಲ, ಕೈಯಿಂದ ಕೈಗೇ ಕೊಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಗನ್ನನ್ನು ಬೀಗ ಹಾಕಿಡಿ. 18 ತುಂಬದವರ ಕೈಗೆ ಸಿಗದ ಹಾಗೆ ಇಡುವುದು 2011ರಿಂದ ಕಾನೂನಿನ ಹೊಣೆ. ಪೆಲೆಟ್, ಅಂದರೆ ಇದರ ಪುಟ್ಟ ಗುಂಡುಗಳ ಡಬ್ಬಿ ಬೇರೆ ಕಡೆ ಇರಲಿ.

ಇನ್ನು ಎಲ್ಲಿ ಹೊಡೆಯಬಹುದು? ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಇಲ್ಲಿ ಒಡೆಯನಿಲ್ಲದ ಜಾಗ ಅಂತ ಒಂದಿಲ್ಲ. ಕಾಡು, ಗುಡ್ಡ, ಊರ ಹೊರಗಿನ ಹುಲ್ಲುಗಾವಲು, ಎಲ್ಲಕ್ಕೂ ಯಾರೋ ಒಬ್ಬರು ಮಾಲೀಕರು ಇರುತ್ತಾರೆ. ಜನ ನಡೆಯುವ ಫುಟ್‌ಪಾತ್ ಹೊಲದ ನಡುವೆ ಹಾದು ಹೋಗಿದ್ದರೆ ನಡೆಯಲಷ್ಟೇ ಹಕ್ಕು. ಅನುಮತಿ ಇಲ್ಲದೆ ಗನ್ ಹಿಡಿದು ಹೊಲದೊಳಗೆ ಕಾಲಿಟ್ಟರೆ ಅದು ಸಾದಾ ಅತಿಕ್ರಮಣವಲ್ಲ, ಆಯುಧ ಹಿಡಿದು ಮಾಡಿದ ಅತಿಕ್ರಮಣ. ಸರಿಯಾದ ಕಾರಣವಿಲ್ಲದೆ ಬೀದಿಯಲ್ಲಿ ಗನ್ ಹಿಡಿದು ಓಡಾಡುವುದೂ ಅಪರಾಧ, ಅದು ಖಾಲಿ ಇದ್ದರೂ ಸರಿ. ಮನೆಯ ಹಿತ್ತಲಲ್ಲಿ ಹೊಡೆಯಬಹುದು, ಆದರೆ ಒಂದು ಪೆಲೆಟ್ ಕೂಡ ಬೇಲಿ ದಾಟಬಾರದು. ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿನಲ್ಲಿ ಅದರ ಯೋಚನೆಯೇ ಬೇಡ.

ವೀಸಾದಲ್ಲಿ ಇರುವವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಿ. ಇಲ್ಲಿ ಕಾಯಂ ಆಗಿ ಇರಲು, ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ, ಪೊಲೀಸ್ ಕಾಷನ್ (ಕೋರ್ಟಿಗೆ ಹೋಗದೆ ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆ) ಸಿಕ್ಕಿದ್ದರೂ ಬರೆಯಬೇಕಾಗುತ್ತದೆ. ಒಂದು ಸಂಜೆಯ ಅವಸರಕ್ಕೆ ಮನೆಯವರೆಲ್ಲರ ಭವಿಷ್ಯ ಪಣಕ್ಕಿಡಬೇಡಿ.

ಹಾಗಾದರೆ ಜಾಗ ಸಿಗುವುದು ಹೇಗೆ? ಕೇಳಿದರೆ ಸಿಗುತ್ತದೆ. ಇಲ್ಲಿನವರು ಅದನ್ನು 'ಪರ್ಮಿಷನ್' ಅಂತಲೇ ಕರೆಯುತ್ತಾರೆ. ದೊಡ್ಡ ಜಮೀನುದಾರರ ಹತ್ತಿರ ಹಳೇ ಶಿಕಾರಿಗಳು ಆಗಲೇ ಇರುತ್ತಾರೆ. ಅದಕ್ಕೇ ಸಣ್ಣ ಹಿಡುವಳಿ ನೋಡಿ. ಕುದುರೆ ಸಾಕುವವರ ಹತ್ತಿರ ಕೇಳಿ. ಮೊಲದ ಬಿಲಕ್ಕೆ ಕಾಲು ಸಿಕ್ಕಿ ಕುದುರೆಯ ಕಾಲು ಮುರಿಯುವ ಭಯ ಅವರಿಗೆ ಯಾವಾಗಲೂ ಇರುತ್ತದೆ. ಕೋಳಿ ಸಾಕುವವರಿಗೆ ಇಲಿಯ ಕಾಟ. ಶಾಟ್‌ಗನ್ ಸದ್ದಿಗೆ ಕುದುರೆ, ಕೋಳಿ ಬೆದರುತ್ತವೆ. ಏರ್‌ಗನ್ ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ.

ಹಗಲು ಹೊತ್ತಿನಲ್ಲಿ, ಮಾಮೂಲಿ ಬಟ್ಟೆಯಲ್ಲಿ, ಗನ್ ಇಲ್ಲದೆ ಹೋಗಿ. ಕುರಿ ಮರಿ ಹಾಕುವ ಕಾಲ, ಕೊಯ್ಲಿನ ಕಾಲ ಬಿಟ್ಟುಬಿಡಿ. ಹೆಸರು, ವಿಳಾಸ ಬರೆದ ಚೀಟಿ ಕೊಡಿ. ಇನ್ಶೂರೆನ್ಸ್ ಇದೆ ಎಂದು ಹೇಳಿದರೆ ರೈತರ ಮುಖದ ಭಾವವೇ ಬದಲಾಗುತ್ತದೆ. ಬ್ರಿಟಿಷ್ ಅಸೋಸಿಯೇಷನ್ ಫಾರ್ ಶೂಟಿಂಗ್ ಅಂಡ್ ಕನ್ಸರ್ವೇಶನ್, ಅಂದರೆ ಬಾಸ್ಕ್, ಅದರ ಸದಸ್ಯರಾದರೆ ವಿಮೆ ಜೊತೆಗೇ ಬರುತ್ತದೆ. ಅದಕ್ಕೆ ಕೊಡುವ ಹಣ ದಂಡವಲ್ಲ. ಒಪ್ಪಿದರೆ ಅನುಮತಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ಯಾವ ಹೊಲ, ಯಾವ ಪ್ರಾಣಿ, ಯಾವ ಹೊತ್ತು. ಗಡಿ ಎಲ್ಲಿದೆ ಎಂದು ಅವರ ಜೊತೆ ನಡೆದು ನೋಡಿ. ಬೇಡ ಅಂದರೆ ಥ್ಯಾಂಕ್ಸ್ ಹೇಳಿ ಬನ್ನಿ. ಮುಂದಿನ ವರ್ಷ ಅವರೇ ಕರೆಯಬಹುದು.

ನಮ್ಮಂಥ ಮುಖಗಳು ಕೆಲವು ಹಳ್ಳಿಗಳಲ್ಲಿ ಇನ್ನೂ ಹೊಸವು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗನ್ ಹಿಡಿದ ಅಪರಿಚಿತ ಕಂಡರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡಬಹುದು. ಅಕ್ಕಪಕ್ಕದ ಮನೆಯವರಿಗೆ ನಿಮ್ಮ ಪರಿಚಯ ಮಾಡಿಸಲು ರೈತರನ್ನೇ ಕೇಳಿ. ರಸ್ತೆಗೆ ಕಾಣುವ ಹೊಲವಾದರೆ ಪೊಲೀಸರ ತುರ್ತಲ್ಲದ ನಂಬರ್ 101ಕ್ಕೆ ಮೊದಲೇ ಫೋನ್ ಮಾಡಿ ತಿಳಿಸುವವರಿದ್ದಾರೆ. ಕಡ್ಡಾಯವಲ್ಲ, ಆದರೆ ಒಳ್ಳೆಯ ಅಭ್ಯಾಸ. ಕಾರಿನಿಂದ ಹೊಲದವರೆಗೆ ಗನ್ ಖಾಲಿಯಾಗಿ, ಚೀಲದೊಳಗೆ ಇರಲಿ. ಪೊಲೀಸರು ಬಂದರೆ ಗನ್ ನೆಲದ ಮೇಲಿಟ್ಟು, ಕೈ ಕಾಣುವ ಹಾಗೆ ನಿಂತು, ಅವರು ಹೇಳಿದ ಹಾಗೆ ಮಾಡಿ. ಅನುಮತಿ ಪತ್ರ ಜೇಬಿನಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಯಾವ ಪ್ರಾಣಿ ಹೊಡೆಯಬಹುದು ಎಂಬುದಕ್ಕೆ ಬನ್ನಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಮೊಲ ಹೊಡೆದರೂ ಕೇಸು. ಇಲ್ಲಿ ಮೊಲ ಬೆಳೆಗೆ ಶತ್ರು. 1954ರ ಕಾಯ್ದೆಯ ಪ್ರಕಾರ ಇಂಗ್ಲೆಂಡ್, ವೇಲ್ಸ್‌ನ ಬಹುಪಾಲು ಜಾಗದಲ್ಲಿ ಮೊಲದ ಕಾಟ ತಡೆಯುವುದು ಜಮೀನು ನೋಡಿಕೊಳ್ಳುವವರ ಹೊಣೆ. ಇಲಿ ಕೂಡ ಹಾಗೇ, ವರ್ಷವಿಡೀ ಹೊಡೆಯಬಹುದು. ಮೊಲದ ಜಾತಿಯದೇ ಇನ್ನೊಂದು, ಹೇರ್, ದೊಡ್ಡದು. ಉದ್ದ ಕಿವಿಯ ತುದಿ ಕಪ್ಪು. ಬಿಲ ತೋಡುವುದಿಲ್ಲ, ಬಯಲಲ್ಲೇ ಇರುತ್ತದೆ. 12 ಅಡಿ-ಪೌಂಡ್ ಗನ್ ಅದಕ್ಕೆ ಸಾಲದು, ಬಿಟ್ಟುಬಿಡಿ. ನರಿಗೂ ಸಾಲದು. ಜಿಂಕೆಗೆ ಏರ್‌ಗನ್ ಎತ್ತುವುದೇ ಕಾನೂನುಬಾಹಿರ.

ಬೂದು ಅಳಿಲಿನ ವಿಷಯದಲ್ಲಿ ನಮ್ಮವರ ಮನಸ್ಸು ಹಿಂಜರಿಯುತ್ತದೆ. ಸೇತುವೆಗೆ ಮರಳು ಹೊತ್ತ ಅಳಿಲಿನ ಬೆನ್ನು ಸವರಿದ ರಾಮನ ಕತೆ ಕೇಳಿ ಬೆಳೆದವರು ನಾವು. ಆದರೆ ಇದು ಅಮೆರಿಕದಿಂದ ತಂದು ಬಿಟ್ಟ ಪ್ರಾಣಿ. 1876ರಲ್ಲಿ ಚೆಷೈರಿನ ಹೆನ್ಬರಿಯಲ್ಲಿ ಬಿಟ್ಟದ್ದು ಮೊದಲ ದಾಖಲೆ. ಇದು ಹರಡುವ ಸ್ಕ್ವಿರಲ್‌ಪಾಕ್ಸ್ ರೋಗಕ್ಕೆ ಇಲ್ಲಿನ ಕೆಂಪು ಅಳಿಲು ಸಾಯುತ್ತದೆ, ಬೂದು ಅಳಿಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎಳೆ ಓಕ್, ಬೀಚ್ ಮರಗಳ ತೊಗಟೆ ಸುಲಿದು ಮರವನ್ನೇ ಕೊಲ್ಲುತ್ತದೆ. ಕೆಂಪು ಅಳಿಲಿಗೆ ಕಾನೂನಿನ ರಕ್ಷಣೆ ಇದೆ. ನಾರ್ಥಂಬರ್ಲ್ಯಾಂಡ್, ಸ್ಕಾಟ್ಲೆಂಡ್ ಕಡೆ ಇದ್ದರೆ ಎರಡನ್ನೂ ಚೆನ್ನಾಗಿ ಗುರುತು ಹಿಡಿಯಲು ಕಲಿಯದೆ ಗನ್ ಎತ್ತಬೇಡಿ. ಇಷ್ಟೆಲ್ಲ ತಿಳಿದ ಮೇಲೂ ಮನಸ್ಸು ಒಪ್ಪದಿದ್ದರೆ ಹೊಡೆಯಬೇಡಿ. ರೈತರಿಗೆ ನೇರವಾಗಿ ಹೇಳಿ, ಅವರು ತಪ್ಪು ತಿಳಿಯುವುದಿಲ್ಲ.

ಹಕ್ಕಿಗಳ ಲೆಕ್ಕ ಬೇರೆ. 1981ರ ಕಾಯ್ದೆಯಲ್ಲಿ ಕಾಡುಹಕ್ಕಿಗಳಿಗೆಲ್ಲ ರಕ್ಷಣೆ ಇದೆ. ವುಡ್‌ಪಿಜನ್, ಕಾಗೆಯಂಥ ಕೆಲವನ್ನು ಮಾತ್ರ 'ಜನರಲ್ ಲೈಸೆನ್ಸ್' ಅಡಿಯಲ್ಲಿ ಹೊಡೆಯಬಹುದು. ಇದಕ್ಕೆ ಅರ್ಜಿ ಹಾಕಬೇಕಿಲ್ಲ, ಆದರೆ ಷರತ್ತು ಪಾಲಿಸಬೇಕು. ಇಂಗ್ಲೆಂಡಿನಲ್ಲಿ ಬೆಳೆ ಹಾನಿಗೆ ಇರುವುದು ಜಿಎಲ್42. ಕಾರಣ ಬೆಳೆ ಕಾಪಾಡುವುದೇ ಆಗಿರಬೇಕು. ಅಡುಗೆಗೆ ಬೇಕು ಅಂತಲೋ ಮೋಜಿಗೆ ಅಂತಲೋ ಹೊಡೆದರೆ ಅಪರಾಧ. ಹೊಡೆದ ಮೇಲೆ ತಿನ್ನಬಹುದು, ಅದು ಬೇರೆ ಮಾತು. ಷರತ್ತು ಆಗಾಗ ಬದಲಾಗುತ್ತವೆ, ಸರ್ಕಾರದ ವೆಬ್‌ಸೈಟಿನಲ್ಲಿ ನೀವೇ ಓದಿ. ವೇಲ್ಸ್, ಸ್ಕಾಟ್ಲೆಂಡ್‌ಗಳ ಲೈಸೆನ್ಸ್ ಬೇರೆ. ಬೆಳೆದ ವುಡ್‌ಪಿಜನ್ ಕತ್ತಿನಲ್ಲಿ ಬಿಳಿ ಮಚ್ಚೆ, ರೆಕ್ಕೆಯಲ್ಲಿ ಬಿಳಿ ಪಟ್ಟೆ ಇರುತ್ತದೆ. ಅದನ್ನೇ ಹೋಲುವ ಸ್ಟಾಕ್ ಡವ್‌ಗೆ ಬಿಳಿ ಇಲ್ಲ. ಅದನ್ನು ಮುಟ್ಟುವ ಹಾಗಿಲ್ಲ. ಕಾಲಿಗೆ ಉಂಗುರ ಇದ್ದರೆ ಯಾರೋ ಸಾಕಿದ ರೇಸಿನ ಪಾರಿವಾಳ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಈ ಗನ್ನಿಗೆ ಬಲ ಕಡಿಮೆ. ಪೆಲೆಟ್ ಮಿದುಳಿಗೆ ಬಿದ್ದರೆ ಪ್ರಾಣಿ ಅಲ್ಲೇ ಹೋಗುತ್ತದೆ. ಹೊಟ್ಟೆಗೆ ಬಿದ್ದರೆ ಬಿಲದೊಳಗೆ ನುಸುಳಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅದಕ್ಕೇ ತಲೆಗೆ ಮಾತ್ರ ಗುರಿ. ಕಾಗದದ ಮೇಲೆ ಹೊಡೆದ ಪ್ರತಿ ಪೆಲೆಟ್ಟೂ ಹತ್ತು ಪೆನ್ಸ್ ನಾಣ್ಯದೊಳಗೆ ಬೀಳುವ ದೂರ ಯಾವುದೋ, ಅದೇ ನಿಮ್ಮ ಮಿತಿ. ಒಬ್ಬರಿಗೆ ಅದು 15 ಮೀಟರ್, ಇನ್ನೊಬ್ಬರಿಗೆ 25. ಪಳಗಿದವರೂ 30 ದಾಟುವುದು ಕಡಿಮೆ. ನಿಂತು ಹೊಡೆದಾಗ ಒಂದು ದೂರ, ಮಲಗಿ ಹೊಡೆದಾಗ ಇನ್ನೊಂದು. ಗಾಳಿ ಎದ್ದರೆ ಇನ್ನೂ ಕಡಿಮೆ. ಪೆಲೆಟ್ಟಿನ ಅಳತೆ (ಇಂಚಿನಲ್ಲಿ ಅದರ ದಪ್ಪ) .177 ಒಳ್ಳೆಯದೋ .22 ಒಳ್ಳೆಯದೋ ಎಂದು ಜನ ವರ್ಷಗಟ್ಟಲೆ ವಾದ ಮಾಡುತ್ತಾರೆ. ಸರಿಯಾದ ಜಾಗಕ್ಕೆ ಬಿದ್ದರೆ ಎರಡೂ ಸಾಕು. ಮೊದಲು ಹತ್ತಿರದ ಏರ್‌ಗನ್ ಕ್ಲಬ್ಬಿಗೆ ಸೇರಿ, ಕೈ ಕುದುರುವವರೆಗೆ ಕಾಗದಕ್ಕೇ ಹೊಡೆಯಿರಿ. ಗಾಯವಾದ ಪ್ರಾಣಿಯನ್ನು ಹಾಗೇ ಬಿಟ್ಟು ಬರಬೇಡಿ, ಹುಡುಕಿ ಕೂಡಲೇ ಮುಗಿಸಿ.

ಗುರಿಯ ಹಿಂದೆ ಏನಿದೆ ಎಂದು ನೋಡದೆ ಟ್ರಿಗರ್ ಎಳೆಯಬೇಡಿ. ಹಿಂದೆ ಮಣ್ಣಿನ ದಿಬ್ಬವೋ ದಪ್ಪ ಮರದ ಕಾಂಡವೋ ಇರಬೇಕು. ದಿಗಂತದಲ್ಲಿ ಕೂತ ಮೊಲ, ಹೆಂಚಿನ ಮೇಲೆ ಕೂತ ಪಾರಿವಾಳ ಬೇಡ. ಕಲ್ಲಿಗೆ ಬಡಿದ ಪೆಲೆಟ್ ಎತ್ತ ಹಾರುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಊರಿನ ಇಲಿಜ್ವರ ಇಲ್ಲೂ ಇದೆ. ಮೊಲದ ಕಣ್ಣು ಊದಿ ಕೀವು ಕಟ್ಟಿದ್ದರೆ ಅದು ಮಿಕ್ಸೊಮಾಟೋಸಿಸ್. ಮನುಷ್ಯರಿಗೆ ಅಂಟುವುದಿಲ್ಲ, ಆದರೂ ತಿನ್ನಬೇಡಿ. ಆರೋಗ್ಯವಾದ ಮೊಲ ಸಿಕ್ಕರೆ ಹೊಲದಲ್ಲೇ ಮೂತ್ರ ಹಿಂಡಿ ತೆಗೆದು, ಬೇಗ ಹೊಟ್ಟೆ ಬಗೆದು ಕರುಳು ತೆಗೆಯಿರಿ. ತಡವಾದರೆ ಮಾಂಸಕ್ಕೆ ವಾಸನೆ ಹಿಡಿಯುತ್ತದೆ. ಪೆಲೆಟ್ ಸೀಸದ್ದು, ಅದು ತಾಗಿದ ಭಾಗವನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಿ. ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಎಣ್ಣೆ, ಕಾಯಿ ಸ್ವಲ್ಪ ಮುಂದಾಗಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಮುದ್ದೆಗೆ ಒಳ್ಳೆಯ ಸಾರಾಗುತ್ತದೆ. ಊಟಕ್ಕೆ ಕರೆದವರಿಗೆ ಇದು ಮೊಲ ಎಂದು ಬಡಿಸುವ ಮೊದಲೇ ಹೇಳಿ. ಮೊದಲು ಸಿಕ್ಕ ಒಳ್ಳೆಯ ಮೊಲವನ್ನು ಚೊಕ್ಕಟ ಮಾಡಿ ರೈತರ ಮನೆಗೆ ಕೊಟ್ಟು ಬನ್ನಿ, ಎಷ್ಟು ಹೊಡೆದಿರಿ, ಯಾವ ಬೇಲಿ ಹತ್ತಿರ ಹೊಸ ಬಿಲ ಕಂಡಿತು ಅಂತಲೂ ತಿಳಿಸಿ.