ಅಲಾಸ್ಕಾ ಕ್ರೂಸ್‌ನ ಫಾರ್ಮಲ್ ನೈಟ್‌ಗೆ ನಾನು ಬಟ್ಟೆ ಆರಿಸಿದ್ದು ಹೀಗೆ

ಅಲಾಸ್ಕಾ ಕ್ರೂಸ್‌ಗೆ ಹೋಗ್ತೀವಿ ಅಂದ ತಕ್ಷಣ ಜಾಕೆಟ್, ಟೋಪಿ, ಕೈಗವಸು ಅಂತ ಎಲ್ಲರೂ ಪಟ್ಟಿ ಹೇಳುತ್ತಾರೆ. ಅದು ಸುಲಭದ ಭಾಗ. ತಲೆ ಕೆಡಿಸುವುದು ಸಂಜೆಯ ಬಟ್ಟೆ. ಒಂದು ವಾರದ ಕ್ರೂಸ್‌ನಲ್ಲಿ ಸಾಮಾನ್ಯವಾಗಿ ಎರಡು ಫಾರ್ಮಲ್ ನೈಟ್ ಇರುತ್ತವೆ. ಹಗಲೆಲ್ಲ ಹಿಮನದಿ ನೋಡುತ್ತಾ ನಡುಗಿದವರೇ ಸಂಜೆ ಅಲಂಕಾರ ಮಾಡಿಕೊಂಡು ಊಟಕ್ಕೆ ಬರಬೇಕು. ಎರಡಕ್ಕೂ ಇರುವುದು ಒಂದೇ ಸೂಟ್‌ಕೇಸ್. ನಮ್ಮ ವಿಮಾನದಲ್ಲಿ ಅದಕ್ಕೆ 23 ಕೆಜಿ ಮಿತಿ. ಚಳಿಯ ಬಟ್ಟೆಯೇ ಅದರಲ್ಲಿ ಮುಕ್ಕಾಲು ಪಾಲು ತಿಂದುಬಿಡುತ್ತದೆ.

ಬಟ್ಟೆ ಕಪಾಟು ತೆಗೆಯುವುದಕ್ಕೆ ಮುಂಚೆ ನಾನು ನಮ್ಮ ಹಡಗಿನ ಕಂಪನಿಯ ಡ್ರೆಸ್ ಕೋಡ್ ಪೂರ್ತಿ ಓದಿದೆ. ಇದನ್ನು ಬಿಟ್ಟು ಸುಮ್ನೆ ಅವರಿವರ ಮಾತು ಕೇಳಿ ಪ್ಯಾಕ್ ಮಾಡಬೇಡಿ. ಒಂದೊಂದು ಕಂಪನಿಯದು ಒಂದೊಂದು ರೀತಿ. ಕ್ಯುನಾರ್ಡ್‌ನವರ ಗಾಲಾ ಸಂಜೆಗೆ ಗಂಡಸರು ಟಕ್ಸಿಡೋ (ಬೋ ಟೈ ಜೊತೆ ಹಾಕುವ ಕಪ್ಪು ಕೋಟು) ಅಥವಾ ಟೈ ಜೊತೆಗೆ ಗಾಢ ಬಣ್ಣದ ಸೂಟ್ ಹಾಕಲೇಬೇಕು ಅಂತಿದೆ. ಸೆಲೆಬ್ರಿಟಿ ಕಂಪನಿಯವರು ‘ಈವ್ನಿಂಗ್ ಶಿಕ್’ ಅನ್ನುತ್ತಾರೆ, ಅಲ್ಲಿ ಟೈ ಕಡ್ಡಾಯವಲ್ಲ. ಹಾಲಂಡ್ ಅಮೆರಿಕ ಕಂಪನಿಯವರದು ‘ಡ್ರೆಸ್ಸಿ ನೈಟ್’. ನಾರ್ವೀಜಿಯನ್ ಕಂಪನಿಯ ಹಡಗಲ್ಲಿ ಇಷ್ಟವಿದ್ದವರು ಅಲಂಕಾರ ಮಾಡಿಕೊಳ್ಳಬಹುದು, ಒತ್ತಾಯವಿಲ್ಲ. ವೈಕಿಂಗ್ ಹಡಗುಗಳಲ್ಲಿ ಫಾರ್ಮಲ್ ನೈಟ್ ಅನ್ನುವುದೇ ಇಲ್ಲ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ನಮ್ಮ ಹಡಗು ಇವೆಲ್ಲದರ ನಡುವೆ ಎಲ್ಲೋ ಇತ್ತು. ಜೀನ್ಸ್, ಟೀ ಶರ್ಟ್ ಬೇಡ, ಉಳಿದದ್ದು ನಿಮ್ಮಿಷ್ಟ ಅನ್ನುವ ಧಾಟಿ.

ಆಮೇಲೆ ಯಾವ ಸಂಜೆ ಫಾರ್ಮಲ್ ಇರಬಹುದು ಅಂತ ಲೆಕ್ಕ ಹಾಕಿದೆ. ಮೊದಲ ರಾತ್ರಿ ಇಡುವುದಿಲ್ಲ, ಎಷ್ಟೋ ಜನರ ಸಾಮಾನು ಇನ್ನೂ ಕ್ಯಾಬಿನ್‌ಗೆ ಬಂದೇ ಇರುವುದಿಲ್ಲ. ಕೊನೆಯ ರಾತ್ರಿಯೂ ಇಡುವುದಿಲ್ಲ, ಅವತ್ತು ಸೂಟ್‌ಕೇಸ್ ಕಟ್ಟಿ ಬಾಗಿಲ ಹೊರಗೆ ಇಟ್ಟಿರಬೇಕು. ಬಂದರಿನಲ್ಲಿ ಊರು ಸುತ್ತಿ ಸುಸ್ತಾದ ದಿನವೂ ಕಡಿಮೆ. ಉಳಿಯುವುದು ಹಡಗು ಎಲ್ಲೂ ನಿಲ್ಲದೆ ಸಾಗುವ ದಿನಗಳು. ಅಲಾಸ್ಕಾದಲ್ಲಿ ಗ್ಲೇಷಿಯರ್ ಬೇ ಅನ್ನುವ ಹಿಮನದಿಗಳ ರಾಷ್ಟ್ರೀಯ ಉದ್ಯಾನ ನೋಡುವ ದಿನವೂ ಅದೇ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಅಲ್ಲಿ ಯಾರೂ ಕೆಳಗಿಳಿಯುವುದಿಲ್ಲ. ಪಾರ್ಕ್ ರೇಂಜರ್‌ಗಳೇ ಹಡಗು ಹತ್ತಿ ಬಂದು ವಿವರಣೆ ಕೊಡುತ್ತಾರೆ. ಮಾರ್ಜರೀ ಹಿಮನದಿಯ ಮುಂದೆ ಹಡಗು ನಿಂತಾಗ ಮಂಜುಗಡ್ಡೆಯ ಮೇಲಿಂದ ಬರುವ ಗಾಳಿ ಕೆನ್ನೆಗೆ ಹೊಡೆಯುತ್ತದೆ. ಆದರೂ ಒಳಗೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಅಂಥ ದಿನದ ಸಂಜೆಗೇ ಫಾರ್ಮಲ್ ನೈಟ್ ಬಿದ್ದರೆ ಹೇಗೆ? ಮರಗಟ್ಟಿದ ಬೆರಳಲ್ಲಿ ಸಣ್ಣ ಸಣ್ಣ ಕೊಕ್ಕೆ, ಬೆನ್ನ ಹಿಂದಿನ ಜಿಪ್ಪು ಹಾಕುತ್ತಾ ಕೂರಲು ಆಗುವುದಿಲ್ಲ. ತಲೆ ಮೇಲಿಂದ ಎಳೆದು ಹಾಕಿಕೊಳ್ಳುವಂಥದ್ದೇ ಇರಲಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಇನ್ನು ಚಳಿಯ ಮಾತು. ಚಳಿ ಪ್ರದೇಶದ ಕ್ರೂಸ್ ಅಂತ ದಪ್ಪ ಉಣ್ಣೆಯ ಗೌನು ಹುಡುಕುವವರನ್ನು ನೋಡಿದ್ದೇನೆ. ನನ್ನ ಪ್ರಕಾರ ಅದು ಬೇಡವೇ ಬೇಡ. ಫಾರ್ಮಲ್ ಬಟ್ಟೆಯಲ್ಲಿರುವಾಗ ನಾವು ನಿಜವಾಗಿ ಚಳಿಯಲ್ಲಿ ಇರುವುದು ಎಷ್ಟು ಹೊತ್ತು? ಕ್ಯಾಬಿನ್‌ನಿಂದ ಊಟದ ಹಾಲ್, ಅಲ್ಲಿಂದ ಥಿಯೇಟರ್, ಮತ್ತೆ ಕ್ಯಾಬಿನ್. ಎಲ್ಲಾ ಒಳಗೊಳಗೇ. ಊಟದ ಹಾಲ್‌ನಲ್ಲಿ ನೂರಾರು ಜನ ಕೂತಿರುತ್ತಾರೆ, ಬಿಸಿ ಸೂಪ್ ಕುಡಿಯುವಾಗ ದಪ್ಪ ಉಣ್ಣೆಯೊಳಗೆ ಬೆವರು ಇಳಿಯುತ್ತದೆ. ಥಿಯೇಟರ್‌ನಲ್ಲಿ ಉಲ್ಟಾ. ಎಸಿ ಜೋರಾಗಿರುತ್ತದೆ, ಕುತ್ತಿಗೆ ತಣ್ಣಗಾಗುತ್ತದೆ. ಹಾಗಾಗಿ ತೆಳುವಾದ ಬಟ್ಟೆ, ಅದರ ಒಳಗೊಂದು ಪದರ, ಮೇಲೊಂದು ಪದರ. ಮುಖ್ಯವಾದ ಮಾತು ಏನೆಂದರೆ ಆ ಎರಡೂ ಪದರ ಹಗಲಿನ ಬಟ್ಟೆಯಿಂದಲೇ ಬರಬೇಕು. ಸಂಜೆಗೆ ಅಂತಲೇ ಬೆಚ್ಚಗಿನ ಬಟ್ಟೆ ಬೇರೆ ಒಯ್ಯುವುದು ಬೇಡ.

ಒಳಪದರಕ್ಕೆ ತೆಳು ಮೆರಿನೋ ಕುರಿ ಉಣ್ಣೆಯ ಥರ್ಮಲ್, ಅಂದರೆ ಮೈಗಂಟುವ ಬೆಚ್ಚಗಿನ ಒಳ ಉಡುಪು. ಮೆರಿನೋ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒದ್ದೆ ಅನ್ನಿಸದಂತೆ ಹೀರಿಕೊಳ್ಳುತ್ತದೆ. ಬೇಗ ವಾಸನೆಯೂ ಬರುವುದಿಲ್ಲ. ಹಗಲು ಜಾಕೆಟ್ ಕೆಳಗೆ ಹಾಕಿದ್ದನ್ನು ಗಾಳಿಗೆ ಹರವಿ ಇನ್ನೊಂದು ದಿನ ಸಂಜೆಗೆ ಬಳಸಬಹುದು. ಕಾಟನ್ ಆದರೆ ಒಮ್ಮೆ ಬೆವರಿದರೆ ತಣ್ಣಗೆ ಮೈಗೆ ಅಂಟಿಕೊಂಡೇ ಇರುತ್ತದೆ. ಥರ್ಮಲ್ ಕತ್ತಿನ ಇಳಿತ ಮಾತ್ರ ಸರಿಯಾಗಿ ನೋಡಬೇಕು. ನಾನು ಕನ್ನಡಿ ಮುಂದೆ ಥರ್ಮಲ್, ಅದರ ಮೇಲೆ ಸಂಜೆಯ ಟಾಪ್ ಎರಡನ್ನೂ ಹಾಕಿಕೊಂಡು ನೇರ ನಿಂತೆ, ಬಗ್ಗಿದೆ, ಫೋಟೋಗೆ ನಿಂತವಳ ಹಾಗೆ ಭುಜ ತಿರುಗಿಸಿದೆ. ನಿಂತಾಗ ಕಾಣದ ಬೂದು ಅಂಚು ಕೈ ಎತ್ತಿದ ತಕ್ಷಣ ಕಂಕುಳ ಹತ್ತಿರ ಇಣುಕಿತು. ಆ ಥರ್ಮಲ್ ಹಗಲಿಗಷ್ಟೇ ಉಳಿಯಿತು. ಅಗಲ ಕತ್ತಿನ ಕಪ್ಪು ಥರ್ಮಲ್ ಸಂಜೆಗೆ ಆಯ್ಕೆಯಾಯಿತು.

ಮೇಲೆ ಕಾಣುವ ಬಟ್ಟೆಗೆ ನನ್ನ ಆಧಾರ ಒಂದೇ ಕಪ್ಪು ಪ್ಯಾಂಟ್. ಅಗಲ ಕಾಲಿನದು, ಸ್ವಲ್ಪ ಭಾರದ ನಿಟ್ ಬಟ್ಟೆ, ಸೊಂಟಕ್ಕೆ ಎಲಾಸ್ಟಿಕ್. ದೂರದಿಂದ ನೋಡಿದರೆ ಉದ್ದ ಸ್ಕರ್ಟ್ ಅನ್ನಿಸುತ್ತದೆ. ಒಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಸುತ್ತಿ ಇಟ್ಟರೂ ಸುಕ್ಕಾಗುವುದಿಲ್ಲ. ಎರಡೂ ಸಂಜೆಗೆ ಇದೇ ಪ್ಯಾಂಟ್. ಮೇಲಿನದು ಮಾತ್ರ ಬೇರೆ. ಒಂದು ದಿನ ವೈನ್ ಬಣ್ಣದ ವೆಲ್ವೆಟ್ ಟಾಪ್, ತುಂಬು ತೋಳಿನದು. ಇನ್ನೊಂದು ದಿನ ಕಪ್ಪು ಸ್ಯಾಟಿನ್ ಟಾಪ್, ಜೊತೆಗೆ ಉದ್ದ ಓಲೆ. ಮೇಜಿನ ಮುಂದೆ ಕೂತವರಿಗೆ ಕಾಣುವುದು ಸೊಂಟದ ಮೇಲಿನ ಭಾಗ ತಾನೇ, ಕೆಳಗಿನದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಪ್ಯಾಂಟ್ ಬದಲು ಗೌನನ್ನೇ ಇಷ್ಟಪಡುವವರು ಗಾಢ ಬಣ್ಣದ ಉದ್ದ ಗೌನಿಗೆ 80 ಡೆನಿಯರ್ (ಎಳೆಯ ದಪ್ಪದ ಅಳತೆ) ಅಥವಾ ಅದಕ್ಕೂ ದಪ್ಪದ ಟೈಟ್ಸ್ ಹಾಕಿದರೆ ಸಾಕು. ಗೌನಿನ ಒಳ ಅಸ್ತರು ಪಾಲಿಯೆಸ್ಟರ್ ಆಗಿದ್ದರೆ ಟೈಟ್ಸ್‌ಗೆ ಅಂಟಿಕೊಂಡು ನಡೆಯುವಾಗ ಮೇಲೇರುತ್ತದೆ. ಅದನ್ನು ಮನೆಯಲ್ಲೇ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡಿ.

ಮಿನುಗುವ ಸೀಕ್ವಿನ್ ಟಾಪ್ ಒಂದು ನನ್ನ ಹತ್ತಿರ ಇತ್ತು, ಆಸೆಯೂ ಇತ್ತು. ಆದರೆ ಸೀಕ್ವಿನ್ ಶಾಲಿನ ಎಳೆಗಳನ್ನು ಹಿಡಿದು ಎಳೆಯುತ್ತದೆ. ನನಗೆ ಶಾಲು ಬಿಟ್ಟು ಆಗುವ ಮಾತೇ ಅಲ್ಲ. ತೆಳು ಉಣ್ಣೆಯ ದೊಡ್ಡ ಶಾಲು, ಇದ್ದಿಲು ಬಣ್ಣದ್ದು. ವಿಮಾನದಲ್ಲಿ ಹೊದಿಕೆ, ಹಗಲು ಮಫ್ಲರ್, ಸಂಜೆ ಭುಜಕ್ಕೆ. ಸೀಕ್ವಿನ್ ಮನೆಯಲ್ಲೇ ಉಳಿಯಿತು.

ನಮ್ಮ ಯಜಮಾನರದ್ದು ಬೇರೆಯೇ ರಾಗ. “ಅಷ್ಟು ಚಳೀಲಿ ಕೋಟು ಟೈ ಯಾರು ಹಾಕ್ತಾರೆ? ಸ್ವೆಟರ್ ಸಾಕು ಬಿಡು” ಅಂದರು.

“ರೀ, ಕೋಟು ಸೂಟ್‌ಕೇಸ್‌ಗೆ ಹಾಕೋದಿಲ್ಲ, ನೀವು ಮೈಮೇಲೆ ಹಾಕ್ಕೊಂಡೇ ವಿಮಾನ ಹತ್ತಿ” ಅಂದೆ.

ಹಾಗೇ ಆಯಿತು. ಕಡು ನೀಲಿ ಬ್ಲೇಜರ್, ಒಂದು ಗಾಢ ಬಣ್ಣದ ಪ್ಯಾಂಟ್, ಎರಡು ಅಂಗಿ, ಒಂದು ಟೈ. ಒಳಗೆ ಅವರಿಗೂ ಮೆರಿನೋ. ಸ್ವೆಟರ್ ಮಾತೂ ಪೂರ್ತಿ ತಪ್ಪಲ್ಲ ಅನ್ನಿ. ಅಲಾಸ್ಕಾ ಕಡೆಯ ಹಡಗುಗಳಲ್ಲಿ ಬಿಗಿ ಸ್ವಲ್ಪ ಕಮ್ಮಿ. ನಮ್ಮ ಹಾಲ್‌ನಲ್ಲಿ ಟಕ್ಸಿಡೋ ಹಾಕಿದವರೂ ಇದ್ದರು, ಒಳ್ಳೆಯ ಸ್ವೆಟರ್ ಮೇಲೆ ಬ್ಲೇಜರ್ ಹಾಕಿದವರೂ ಇದ್ದರು. ಯಾರೂ ಯಾರನ್ನೂ ಮೇಲೆ ಕೆಳಗೆ ನೋಡಲಿಲ್ಲ. ಫಾರ್ಮಲ್ ಅನ್ನಿಸುವುದು ಗಾಢ ಬಣ್ಣದಿಂದ, ಮೈಗೆ ಸರಿಯಾಗಿ ಕೂರುವ ಹೊಲಿಗೆಯಿಂದ ಮತ್ತು ಶೂಗಳಿಂದ. ಸ್ಪೋರ್ಟ್ಸ್ ಶೂ ಹಾಕಿದರೆ ಎಂಥ ಸೂಟೂ ಬಿದ್ದುಹೋಗುತ್ತದೆ.

ಶೂ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಡಗು ಮೆಲ್ಲಗೆ ವಾಲುವಾಗ ಸೂಜಿಯಂಥ ಹೀಲ್ಸ್ ಹಾಕಿ ಮೆಟ್ಟಿಲಿಳಿಯುವುದು ಅಪಾಯ. ಡೆಕ್ ಒದ್ದೆಯಾಗಿದ್ದರಂತೂ ಕೇಳಲೇಬೇಡಿ. ಬೆರಳು ಮುಚ್ಚುವ, ಅಗಲ ಹಿಮ್ಮಡಿಯ ಕಪ್ಪು ಶೂ ಒಂದೇ ಜೊತೆ. ಒಳಗೆ ತೆಳು ಉಣ್ಣೆ ಕಾಲುಚೀಲ ಹಿಡಿಸುವಷ್ಟು ಸಡಿಲ.

ಡೆಕ್‌ಗೆ ಯಾಕೆ ಹೋಗ್ತೀರಿ ಆ ಬಟ್ಟೆಯಲ್ಲಿ ಅಂತ ಕೇಳಬಹುದು. ಹೋಗಬೇಕಾಗುತ್ತದೆ. ಜೂನ್‌ನಲ್ಲಿ ಜುನೋ ಊರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಊಟ ಮುಗಿದರೂ ಹೊರಗೆ ಒಳ್ಳೆ ಬೆಳಕು. ನಾವು ಸಿಹಿಗೆ ಕಾಯುತ್ತಿದ್ದಾಗ ಕಿಟಕಿ ಪಕ್ಕದ ಮೇಜಿನಿಂದ ಕೂಗು ಎದ್ದಿತು. ಹಂಪ್‌ಬ್ಯಾಕ್ ತಿಮಿಂಗಿಲ. ಅರ್ಧ ಹಾಲ್ ಎದ್ದು ಹೊರಗೆ ಓಡಿತು. ನನ್ನ ತೆಳು ಡೌನ್ ಜಾಕೆಟ್ (ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ್ದು) ಅದರದೇ ಚೀಲದಲ್ಲಿ ಮಡಚಿ ಕುರ್ಚಿಯ ಕೆಳಗಿತ್ತು. ವೆಲ್ವೆಟ್ ಮೇಲೆ ಜಾಕೆಟ್, ತಲೆಗೆ ಶಾಲು. ಪಕ್ಕದಲ್ಲೇ ಬೋ ಟೈ ಕಟ್ಟಿದ ಅಜ್ಜ ಒಬ್ಬರು ಕೆಂಪು ಉಣ್ಣೆ ಟೋಪಿ ಎಳೆದುಕೊಂಡು ಬೈನಾಕ್ಯುಲರ್ ಹಿಡಿದಿದ್ದರು. ನೀರಿನ ಮೇಲೆ ಉಸಿರಿನ ತುಂತುರು ಎದ್ದಿತು, ಬಾಲ ಮೇಲೆ ಬಂತು, ಎಲ್ಲರೂ ‘ಓ’ ಅಂದರು. ತೋಳಿಲ್ಲದ ಗೌನಿನಲ್ಲಿ ಬಂದಿದ್ದ ಹುಡುಗಿಯೊಬ್ಬಳು ಮೊದಲ ಬಾಲ ಕಾಣುವ ಮುಂಚೆಯೇ ಒಳಗೆ ಓಡಿದಳು. ಕ್ಯಾಬಿನ್‌ಗೆ ಹೋಗಿ ಜಾಕೆಟ್ ತರುವಷ್ಟರಲ್ಲಿ ತಿಮಿಂಗಿಲ ಕಾಯುವುದಿಲ್ಲ. ಊಟಕ್ಕೆ ಬರುವಾಗಲೇ ಕೈಯಲ್ಲಿರಲಿ.

ಇಸ್ತ್ರಿ ಬಗ್ಗೆ ಒಂದು ಮಾತು. ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಕ್ಯಾಬಿನ್‌ಗೆ ತರುವ ಹಾಗಿಲ್ಲ, ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕೆಲವು ಹಡಗುಗಳಲ್ಲಿ ಪ್ರಯಾಣಿಕರಿಗೆ ಲಾಂಡ್ರಿ ಕೋಣೆ ಇರುತ್ತದೆ, ಫಾರ್ಮಲ್ ನೈಟ್ ದಿನ ಅಲ್ಲಿ ಸಾಲು. ಅದಕ್ಕೇ ನಾನು ಸುಕ್ಕಾಗದ್ದನ್ನೇ ಆರಿಸಿದ್ದು. ಸ್ಯಾಟಿನ್ ಮಾತ್ರ ಸ್ವಲ್ಪ ಹಟ ಮಾಡಿತು. ಬಿಸಿನೀರಿನ ಸ್ನಾನ ಮಾಡುವಾಗ ಅದನ್ನು ಬಚ್ಚಲಿನ ಕೊಕ್ಕೆಗೆ ನೇತುಹಾಕಿದೆ, ಹಬೆಗೆ ಗೆರೆಗಳು ಬಹುಪಾಲು ಹೋದವು.

ಇಷ್ಟೆಲ್ಲ ತಾಪತ್ರಯ ಬೇಡ ಅನ್ನುವವರು ಆ ರಾತ್ರಿ ಬಫೆಗೆ ಹೋಗಬಹುದು ಅಥವಾ ಕ್ಯಾಬಿನ್‌ಗೇ ಊಟ ತರಿಸಬಹುದು. ಅದರಲ್ಲಿ ಸಂಕೋಚ ಬೇಡ. ಆದರೆ ಟ್ರೆಕಿಂಗ್ ಪ್ಯಾಂಟ್‌ನಲ್ಲೇ ಮುಖ್ಯ ಹಾಲ್‌ಗೆ ಬಂದು ಬಾಗಿಲಲ್ಲಿ ವಾದ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಯಮ ಮಾಡಿದ್ದು ಬಾಗಿಲಲ್ಲಿ ನಿಂತ ಆ ಹುಡುಗನಲ್ಲ.

ಇನ್ನೊಂದು, ಒದ್ದೆ ಬಟ್ಟೆ. ಅಲಾಸ್ಕಾದ ಕೆಚಿಕಾನ್ ಅನ್ನುವ ಬಂದರು ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿ ಸುತ್ತಾಡಿ ಬಂದರೆ ಜಾಕೆಟ್, ಶೂ ಎಲ್ಲಾ ತೊಟ್ಟಿಕ್ಕುತ್ತಿರುತ್ತವೆ. ಕ್ಯಾಬಿನ್‌ನ ಕಪಾಟು ಒಂದೇ, ಅದೂ ಇಕ್ಕಟ್ಟು. ವೆಲ್ವೆಟ್ ಪಕ್ಕ ಒದ್ದೆ ಜಾಕೆಟ್ ತೂಗುಹಾಕಿದರೆ ಸಂಜೆಗೆ ಎರಡೂ ಒದ್ದೆ. ಕ್ಯಾಬಿನ್ ಗೋಡೆಗಳು ಸಾಮಾನ್ಯವಾಗಿ ಲೋಹದ್ದು, ಹಾಗಾಗಿ ಮ್ಯಾಗ್ನೆಟ್ ಕೊಕ್ಕೆಗಳು ಗಟ್ಟಿಯಾಗಿ ಹಿಡಿಯುತ್ತವೆ. ನಾಲ್ಕೈದು ಒಯ್ಯಿರಿ, ಒದ್ದೆಯದಕ್ಕೆಲ್ಲ ಬಾಗಿಲ ಹತ್ತಿರದ ಗೋಡೆ, ಕಪಾಟು ಸಂಜೆಯ ಬಟ್ಟೆಗೆ ಮಾತ್ರ.