ಮಳೆಗಾಲದ ಕಥೆ, ಹುತ್ತರಿಗೆ ಪುಸ್ತಕ: ಮಗುವಿನ ಬರಹ ಅಚ್ಚು ಹಾಕಿಸುವುದು ಹೇಗೆ?

ಕೊಡಗಿನಲ್ಲಿ ಜುಲೈ ಬಂತೆಂದರೆ ಮಳೆ ರಜೆ, ಕೈಕೊಡುವ ಕರೆಂಟು, ಮನೆಯೊಳಗೇ ಕೂತ ಮಕ್ಕಳು. ಅಂಥ ಒಂದು ದಿನ ನಿಮ್ಮ ಮಗು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಕಥೆ ಬರೆಯಲು ಶುರು ಮಾಡಿದರೆ, ಅದನ್ನು ಪುಸ್ತಕ ಆಗುವ ತನಕ ಬಿಡಬೇಡಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ನೆಂಟರು ಸೇರುವಾಗ ಪುಸ್ತಕದ ಪ್ರತಿಗಳು ಕೈಯಲ್ಲಿರಬೇಕು ಅಂತ ಇಟ್ಟುಕೊಳ್ಳಿ. ತಡವಾದರೆ ಕಾಫಿ ಕೊಯ್ಲು ಜೋರಾಗುತ್ತದೆ, ಆಮೇಲೆ ದೊಡ್ಡವರಿಗೆ ಪುರುಸೊತ್ತು ಎಲ್ಲಿಯದು?

ಟೈಪಿಂಗ್, ಸ್ಕ್ಯಾನಿಂಗ್, ಪ್ರೆಸ್ಸಿಗೆ ಓಡಾಟ ಎಲ್ಲ ನಿಮ್ಮ ಪಾಲು. ಕಥೆ ಮಾತ್ರ ಮಗುವಿನದು. ಬರೆಯಲು ಬೇಜಾರು ಮಾಡಿಕೊಂಡರೆ ಬಾಯಲ್ಲಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಹೇಳಿದ ಹಾಗೇ ಬರೆದುಕೊಳ್ಳಿ. "ತೋಟಕ್ಕೆ ಆನೆ ಬಂತು, ಹೋಯಿತು" ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ ನೀವು ಬೆಳೆಸಲು ಹೋಗಬೇಡಿ, ಕೇಳಿ. ಯಾವ ಕಡೆಯಿಂದ ಬಂತು? ನಾಯಿ ಏನು ಮಾಡಿತು? ಬೆಳಗ್ಗೆ ಬಾಳೆಗಿಡ ಹೇಗಿತ್ತು? ಉತ್ತರಗಳೇ ಮುಂದಿನ ಮೂರು ಪುಟ. ಮನೆಮಾತು ಕೊಡವ ತಕ್ಕೋ ಅರೆಭಾಷೆಯೋ ನಡುವೆ ನುಸುಳಿದರೆ ಹಾಗೇ ಇರಲಿ. ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದು, ಆಮೇಲೆ ಸೊಪ್ಪಿನ ಬಣ್ಣಕ್ಕೆ ಉಚ್ಚೆ ಕೆಂಪಾಗಿದ್ದನ್ನೂ ಮಗು ಬರೆದಿದ್ದರೆ, "ಅಯ್ಯೋ, ಅದೆಲ್ಲ ಯಾಕೆ" ಅಂತ ಹೊಡೆದು ಹಾಕಬೇಡಿ ದಯವಿಟ್ಟು. ಬೇರೆ ಮಕ್ಕಳು ಮತ್ತೆ ಮತ್ತೆ ತೆಗೆದು ಓದುವುದು ಆ ಪುಟವನ್ನೇ.

ಕಥೆ ಮುಗಿದ ಮೇಲೆ ಒಂದು ಡಮ್ಮಿ, ಅಂದರೆ ಖಾಲಿ ಹಾಳೆಯ ಮಾದರಿ ಪುಸ್ತಕ ಮಾಡಿ. ನಾಲ್ಕು ಎ4 ಹಾಳೆ ಒಟ್ಟಿಗೆ ಮಡಚಿದರೆ 16 ಪುಟದ ಪುಟ್ಟ ಪುಸ್ತಕ ಸಿಗುತ್ತದೆ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು: 16, 20, 24. ಮೊದಲ ಸಲಕ್ಕೆ 24 ದಾಟದಿದ್ದರೆ ಒಳ್ಳೆಯದು, ಮಗುವಿಗೂ ಮುಗಿಸುವ ಧೈರ್ಯ ಬರುತ್ತದೆ. ಯಾವ ಪುಟದಲ್ಲಿ ಏನು ಅಂತ ಪೆನ್ಸಿಲ್‌ನಲ್ಲಿ ಮಗುವೇ ಗುರುತು ಹಾಕಲಿ. ಬಲಗಡೆ ಪುಟದ ಕೊನೆಗೆ "ಪೊದೆಯೊಳಗೆ ಏನೋ ಸದ್ದಾಯಿತು" ಅಂತಿದ್ದು, ಹಾಳೆ ತಿರುಗಿಸಿದಾಗ ಆನೆ ಎದುರಾದರೆ ಎಷ್ಟು ಚೆಂದ ಅಲ್ವಾ?

ಚಿತ್ರಗಳ ವಿಷಯದಲ್ಲಿ ನಮ್ಮ ಮಳೆಯೇ ದೊಡ್ಡ ತಲೆನೋವು. ಬಣ್ಣ ಬೇಗ ಒಣಗುವುದಿಲ್ಲ, ಹಾಳೆ ಸುರುಳಿ ಸುತ್ತುತ್ತದೆ, ಸುಮ್ನೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ದಪ್ಪ ಡ್ರಾಯಿಂಗ್ ಹಾಳೆ ಕೊಡಿ, ಪೂರ್ತಿ ಒಣಗಿದ ಮೇಲೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ, ಆದಷ್ಟು ಬೇಗ ಸ್ಕ್ಯಾನ್ ಮಾಡಿಸಿ. ಸ್ಕ್ಯಾನಿನ ಸ್ಪಷ್ಟತೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಬಲ್ಬಿನ ಬೆಳಕಲ್ಲಿ ಫೋನಿನಿಂದ ತೆಗೆದ ಫೋಟೋ ಅಚ್ಚಿನಲ್ಲಿ ಮಂಕಾಗಿ ಬರುತ್ತದೆ. ತೆಳು ಪೆನ್ಸಿಲ್ ಗೆರೆ ಸರಿಯಾಗಿ ಮೂಡುವುದಿಲ್ಲ, ಮಿಂಚುವ ಫ್ಲೋರೊಸೆಂಟ್ ಬಣ್ಣ ಸಪ್ಪೆಯಾಗುತ್ತದೆ. ಇದನ್ನೆಲ್ಲ ಮಗುವಿಗೆ ಮೊದಲೇ ಹೇಳಿ. ಅಂಚಿನಲ್ಲಿ ಎರಡು ಸೆಂಟಿಮೀಟರ್ ಬಿಟ್ಟು ಬರೆಯಲಿ, ಇಲ್ಲದಿದ್ದರೆ ಕತ್ತರಿಸುವಾಗ ಆನೆಯ ಬಾಲ ಹೋಗುತ್ತದೆ.

ಟೈಪಿಂಗ್ ಯುನಿಕೋಡ್‌ನಲ್ಲಿ ಮಾಡಿ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಅಕ್ಷರ 16 ಪಾಯಿಂಟ್ ಇದ್ದರೆ ಸಣ್ಣ ಮಕ್ಕಳಿಗೆ ಓದಲು ಸುಲಭ. ಪುಟ ಜೋಡಿಸುವ ಡಿಟಿಪಿಯವರು ಅದನ್ನು ನುಡಿ ತಂತ್ರಾಂಶದ ಹಳೇ ಫಾಂಟಿಗೆ ಬದಲಾಯಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಡಬಹುದು. ಅದಕ್ಕೇ ಕರಡು ಪ್ರತಿ ಕೈಗೆ ತೆಗೆದುಕೊಂಡು ಮಗುವಿನಿಂದ ಜೋರಾಗಿ ಓದಿಸಿ, ಎಡವಿದ ಕಡೆ ಇಬ್ಬರೂ ಸೇರಿ ನೋಡಿ. ಕಾಗುಣಿತ ತಿದ್ದಿ, ವಾಕ್ಯ ಬದಲಿಸಬೇಕಾದರೆ ಕೇಳಿಯೇ ಬದಲಿಸಿ.

ಐವತ್ತೋ ನೂರೋ ಪ್ರತಿ ಸಾಕು ಅಂದರೆ ಡಿಜಿಟಲ್ ಪ್ರಿಂಟಿಂಗ್ ಸರಿ, ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಜಾಸ್ತಿ ಪ್ರತಿಗಳಿಗೆ ಮಾತ್ರ ಕೈಗೆಟಕುತ್ತದೆ. ಮಡಿಕೇರಿ, ಕುಶಾಲನಗರ, ಬೇಕಾದರೆ ಮೈಸೂರಿನಲ್ಲೂ ರೇಟು ವಿಚಾರಿಸಿ. ಒಂದು ಪ್ರತಿ ಮಾಡಿಸಿ ನೋಡದೆ ಉಳಿದದ್ದಕ್ಕೆ ಹೂಂ ಅನ್ನಬೇಡಿ.

ನೆಂಟರಿಗೆ ಹಂಚಲು ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕಿಲ್ಲ. ಅಂಗಡಿಯಲ್ಲಿ ಇಡುವ ಆಸೆ ಇದ್ದರೆ ಮಾಡಿಸಿ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ಏಜೆನ್ಸಿ ಇದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್. ಸಮಯ ಹಿಡಿಯಬಹುದು, ಹಾಗಾಗಿ ಚಿತ್ರ ಬರೆಯುವಾಗಲೇ ಅರ್ಜಿ ಹಾಕಿ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು, ಅಂದರೆ ಇಲ್ಲಿ ನೀವು, ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಪ್ರತಿ ಕಳಿಸಬೇಕು. ಆ ಪಾರ್ಸೆಲ್ ಅಂಚೆ ಕಚೇರಿಗೆ ಮಗುವೇ ಹಿಡಿದುಕೊಂಡು ಬರಲಿ. ಒಳಪುಟದಲ್ಲಿ ಪುಸ್ತಕದ ಹಕ್ಕು (ಕಾಪಿರೈಟ್) ಮಗುವಿನ ಹೆಸರಿಗೇ ಇರಬೇಕು, ಕಾನೂನಿನಲ್ಲೂ ಬರೆದವರದೇ ಹಕ್ಕು. ಮನೆ ವಿಳಾಸ, ಶಾಲೆ, ಮಗುವಿನ ಫೋಟೋ ಮಾತ್ರ ಹಾಕಬೇಡಿ.

ಹುತ್ತರಿ ದಿನ ಭಾಷಣ ಗೀಷಣ ಬೇಡ. ಮಗು ಎರಡು ಪುಟ ಓದಲಿ, ಕೇಳಿದವರಿಗೆ ಸಹಿ ಹಾಕಿ ಕೊಡಲಿ. ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ಪ್ರತಿ ಕೊಡಿ. ಬೆಲೆ ಇಡುವುದಾದರೆ ಮಗುವನ್ನೇ ಕೇಳಿ, ಎಷ್ಟು ಪ್ರತಿ ಹೋಯಿತು, ಯಾರಿಗೆ ಹೋಯಿತು ಅನ್ನುವ ಲೆಕ್ಕದ ಪುಸ್ತಕವನ್ನೂ ಮಗುವಿನ ಕೈಗೇ ಕೊಡಿ.