ಕೆಲಸ ಹೋಗಿದ್ದು ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ: ಅಮೆರಿಕದಲ್ಲಿ ನಿರುದ್ಯೋಗ ಭತ್ಯೆ ಪಡೆಯುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಲೇಆಫ್ ಆಯಿತು. ಅಲ್ಲಿನ ಬಾಡಿಗೆ ಕಟ್ಟಲಾಗದೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿರುವ ಅಣ್ಣನ ಮನೆಗೆ ಸಾಮಾನು ಸಾಗಿಸಿದ್ದೂ ಆಯಿತು. ಈಗ ಅನ್‌ಎಂಪ್ಲಾಯ್‌ಮೆಂಟ್ ಅರ್ಜಿ ಎಲ್ಲಿ ಹಾಕಬೇಕು? ಟೆಕ್ಸಾಸ್‌ನಲ್ಲಿ ಅಲ್ಲ. ನೀವು ದುಡಿದ ರಾಜ್ಯವೇ ದುಡ್ಡು ಕೊಡಬೇಕು.

ಅರ್ಜಿಗೆ ಮುಂಚೆ ವೀಸಾ ನೋಡಿಕೊಳ್ಳಿ. ನಮ್ಮವರು ಎಡವುವುದೇ ಇಲ್ಲಿ. ‘ಕೆಲಸ ಸಿಕ್ಕರೆ ನಾಳೆಯೇ ಸೇರಬಲ್ಲೆ’ ಎನ್ನುವ ಸ್ಥಿತಿಯಲ್ಲಿರುವವರಿಗೆ ಮಾತ್ರ ಈ ಭತ್ಯೆ. ಎಚ್‌-1ಬಿ ಇದ್ದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಇರಲು ಅವಕಾಶ. ಹೊಸ ಕಂಪನಿ ಅವರ ಪರವಾಗಿ ವೀಸಾ ಅರ್ಜಿ ಹಾಕದೆ ಅವರು ಕೆಲಸ ಮಾಡುವಂತಿಲ್ಲ. ಹಾಗಾಗಿ ಸಾಮಾನ್ಯವಾಗಿ ಅವರಿಗೆ ಇದು ಸಿಗುವುದಿಲ್ಲ. ಭತ್ಯೆಗೆ ಬೇಕಾದಷ್ಟು ಸಂಬಳ ಮೊದಲೇ ದುಡಿದಿದ್ದರೆ ಗ್ರೀನ್ ಕಾರ್ಡ್ ಇದ್ದವರು ಧೈರ್ಯವಾಗಿ ಕೇಳಬಹುದು.

ಅರ್ಜಿ ಹೋಗುವುದು ಕ್ಯಾಲಿಫೋರ್ನಿಯಾದಲ್ಲಿ ಈ ಭತ್ಯೆ ನೋಡಿಕೊಳ್ಳುವ ಇಡಿಡಿ (ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಇಲಾಖೆಗೆ. ಡಲ್ಲಾಸ್‌ನಲ್ಲಿ ಕೂತೇ ಆನ್‌ಲೈನ್‌ನಲ್ಲಿ ಹಾಕಬಹುದು. ಮೊತ್ತವೂ ಅಲ್ಲಿಯದೇ: ವಾರಕ್ಕೆ ಹೆಚ್ಚೆಂದರೆ 450 ಡಾಲರ್, ಸಾಮಾನ್ಯವಾಗಿ 26 ವಾರದವರೆಗೆ. ಫ್ಲಾರಿಡಾದಲ್ಲಿ ದುಡಿದಿದ್ದರೆ 275 ಡಾಲರ್ ಮಿತಿ. ದುಬಾರಿ ಊರಿಗೆ ಹೋದೆ ಅಂತ ಯಾರೂ ಜಾಸ್ತಿ ಕೊಡುವುದಿಲ್ಲ!

ಮನೆಯಿಂದಲೇ ಕೆಲಸ ಮಾಡುತ್ತಿದ್ದಿರಾ? ಆಗ ಕಂಪನಿಯ ಹೆಡ್ ಆಫೀಸ್ ಎಲ್ಲಿದೆ ಎನ್ನುವುದಕ್ಕಿಂತ ನೀವು ಕೂತು ದುಡಿದದ್ದು ಎಲ್ಲಿ ಎನ್ನುವುದೇ ಮುಖ್ಯ. ಕಳೆದ ಒಂದೂವರೆ ವರ್ಷದಲ್ಲಿ ಎರಡು ರಾಜ್ಯಗಳಲ್ಲಿ ಸಂಬಳ ಪಡೆದಿದ್ದರೆ, ಎರಡನ್ನೂ ಸೇರಿಸಿ ‘ಕಂಬೈನ್ಡ್ ವೇಜ್ ಕ್ಲೇಮ್’ ಕೇಳಿ.

ಭತ್ಯೆ ಬರುತ್ತಿರುವಾಗಲೇ ಊರು ಬದಲಿಸಿದರೆ ಹೊಸ ಅರ್ಜಿ ಬೇಡ. ಹಳೆ ರಾಜ್ಯದ ಖಾತೆಯಲ್ಲಿ ವಿಳಾಸ ತಿದ್ದಿ. ಹೊಸ ರಾಜ್ಯದ ಉದ್ಯೋಗ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಕ್ಯಾಲಿಫೋರ್ನಿಯಾದವರು ಎರಡು ವಾರಕ್ಕೊಮ್ಮೆ ‘ಸರ್ಟಿಫೈ’ ಮಾಡುವುದನ್ನು, ಅಂದರೆ ಆ ವಾರಗಳಿಗೂ ಭತ್ಯೆಗೆ ಅರ್ಹ ಎಂದು ಇಲಾಖೆಗೆ ಖಚಿತಪಡಿಸುವುದನ್ನು, ಮಾತ್ರ ತಪ್ಪಿಸಬಾರದು. ಎಲ್ಲೆಲ್ಲಿ ಕೆಲಸ ಕೇಳಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಸಮೇತ ಬರೆದಿಡಿ. ಎಕ್ಸೆಲ್ ಶೀಟ್ ಮಾಡುವ ಚಟ ಇದ್ದವರು ಅದನ್ನೇ ಮಾಡಿ.

ಇನ್ನೊಂದು ವಿಷಯ. ಸುಮ್ನೆ ಖಾಲಿ ಕೂತಿದ್ದೀನಲ್ಲ, ಮೈಸೂರಿಗೆ ಹೋಗಿ ಅಮ್ಮನ ನೋಡಿಕೊಂಡು ಬರೋಣ ಅನ್ನಿಸುವುದು ಸಹಜ, ಅಲ್ವಾ? ಹೋಗಿ ಬನ್ನಿ. ಆದರೆ ದೇಶದ ಹೊರಗಿದ್ದ ವಾರಗಳಿಗೆ ಸಾಮಾನ್ಯವಾಗಿ ಭತ್ಯೆ ಇಲ್ಲ. ಫಾರ್ಮ್‌ನಲ್ಲಿ ಅದನ್ನು ಇದ್ದದ್ದು ಇದ್ದಂತೆ ಹೇಳಿ. ಬೇಕಂತಲೇ ಮುಚ್ಚಿಟ್ಟು ಸಿಕ್ಕಿಬಿದ್ದರೆ ಕ್ಯಾಲಿಫೋರ್ನಿಯಾ ಕೊಟ್ಟದ್ದನ್ನು ವಾಪಸ್ ಕೇಳುತ್ತದೆ, ಮೇಲೆ ಶೇ 30ರಷ್ಟು ದಂಡವನ್ನೂ ಹಾಕುತ್ತದೆ.

ಈ ದುಡ್ಡಿಗೆ ಫೆಡರಲ್ ತೆರಿಗೆ ಉಂಟು. ಶೇ 10 ಮೊದಲೇ ಹಿಡಿದುಕೊಳ್ಳಿ ಎಂದು ಇಡಿಡಿಗೆ ಹೇಳುವುದು ವಾಸಿ. ಕ್ಯಾಲಿಫೋರ್ನಿಯಾ ಇದಕ್ಕೆ ರಾಜ್ಯ ತೆರಿಗೆ ಹಾಕುವುದಿಲ್ಲ, ಟೆಕ್ಸಾಸ್‌ನಲ್ಲಂತೂ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಬೇರೆ ರಾಜ್ಯಕ್ಕೆ ಹೋದವರು ಅಲ್ಲಿನ ನಿಯಮ ವಿಚಾರಿಸಿ. ವರ್ಷ ಮುಗಿದ ಮೇಲೆ ಎಷ್ಟು ಭತ್ಯೆ ಬಂತು ಎಂದು ತೆರಿಗೆಗಾಗಿ ತಿಳಿಸುವ 1099-ಜಿ ಫಾರ್ಮ್ ಬರುತ್ತದೆ. ವಿಳಾಸ ತಿದ್ದದಿದ್ದರೆ ಅದು ನೀವು ಖಾಲಿ ಮಾಡಿದ ಮನೆಗೇ ಹೋಗುತ್ತದೆ.